ಮಾನಿಟರ್‌ಗೆ ಜೋಡಿಸಿದ ಲ್ಯಾಪ್‌ಟಾಪಿನ ಬ್ಯಾಟರಿ: ನಾನು ಮಾಡಿಕೊಂಡ ವ್ಯವಸ್ಥೆ

ಯುಎಸ್‌ಬಿ-ಸಿ ಮಾನಿಟರ್ ಇದ್ದರೆ ಒಂದೇ ಕೇಬಲ್ಲಿನಲ್ಲಿ ಚಿತ್ರವೂ ಹೋಗುತ್ತದೆ, ಕರೆಂಟೂ ಬರುತ್ತದೆ. ತೊಂದರೆಯೆಂದರೆ ಬ್ಯಾಟರಿ ದಿನವಿಡೀ ಶೇ. 100ರಲ್ಲೇ ನಿಂತಿರುತ್ತದೆ. ಓವರ್‌ಚಾರ್ಜ್ ಆಗುತ್ತದೆಂಬ ಭಯ ಬೇಡ, ಅದನ್ನು ಒಳಗಿನ ಸರ್ಕ್ಯೂಟೇ ತಡೆಯುತ್ತದೆ. ಪೂರ್ತಿ ತುಂಬಿದ ಲಿಥಿಯಂ-ಅಯಾನ್ ಸೆಲ್ ಸುಮಾರು 4.2 ವೋಲ್ಟಿನಲ್ಲಿರುತ್ತದೆ, ಆ ಸ್ಥಿತಿಯಲ್ಲೇ ಬಿಸಿಯಲ್ಲಿ ಗಂಟೆಗಟ್ಟಲೆ ಕೂತರೆ ಅದು ಬೇಗ ಸವೆಯುತ್ತದೆ.

ಹಾಗಾಗಿ ನಾನು ಮೊದಲು ಹಾಕುವುದು ಚಾರ್ಜಿನ ಮಿತಿ. ಥಿಂಕ್‌ಪ್ಯಾಡ್‌ನಲ್ಲಿ ಇದು ಲೆನೊವೊ ವಾಂಟೇಜ್ ಆ್ಯಪಿನಲ್ಲಿದೆ, ಡೆಲ್‌ನ ಬಹುತೇಕ ಮಾಡೆಲ್‌ಗಳಲ್ಲಿ ಬಯೋಸ್‌ನಲ್ಲಿದೆ (ಲ್ಯಾಪ್‌ಟಾಪ್ ಆನ್ ಆಗುವಾಗಲೇ ತೆರೆಯುವ ಮೂಲ ಸೆಟ್ಟಿಂಗ್ ಪುಟ). ಲಿನಕ್ಸ್‌ನಲ್ಲಿ ಟಿಎಲ್‌ಪಿ ಎಂಬ ವಿದ್ಯುತ್ ನಿರ್ವಹಣೆಯ ತಂತ್ರಾಂಶ ಹಾಕಿಕೊಂಡು ಚಾರ್ಜ್ ಆರಂಭಕ್ಕೆ ಶೇ. 75, ನಿಲುಗಡೆಗೆ ಶೇ. 80 ಎಂದು ಬರೆಯುತ್ತೇನೆ. ಎರಡು ಅಂಕಿ ಕೊಡುವುದಕ್ಕೆ ಕಾರಣವಿದೆ: 79ಕ್ಕೆ ಇಳಿದಾಗಲೆಲ್ಲ ಚೂರುಚೂರೇ ತುಂಬಿಸುವ ಕೆಲಸ ತಪ್ಪುತ್ತದೆ. ಇಲ್ಲೊಂದು ಕಡೆ ಹಲವರು ಎಡವುತ್ತಾರೆ. ಬ್ಯಾಟರಿ 95ರಲ್ಲಿದ್ದಾಗ ಮಿತಿ ಹಾಕಿದರೆ ಸಾಮಾನ್ಯವಾಗಿ ಅದು 95ರಲ್ಲೇ ಉಳಿಯುತ್ತದೆ, ತಾನಾಗಿ ಇಳಿಯದು. ಒಮ್ಮೆ ಕೇಬಲ್ ಕಿತ್ತು 75ಕ್ಕಿಂತ ಕೆಳಗೆ ಬರುವವರೆಗೆ ಬಳಸಿ, ಆಮೇಲೆ ಜೋಡಿಸಬೇಕು.

ಇನ್ನು ವ್ಯಾಟ್ ಲೆಕ್ಕ. ಚಾರ್ಜರಿನ ಮೇಲೆ 90 ವ್ಯಾಟ್ ಎಂದಿದ್ದು ಮಾನಿಟರ್ 65 ಮಾತ್ರ ಕೊಡುವುದಾದರೆ, ಟೈಪಿಂಗ್, ಬ್ರೌಸಿಂಗ್ ಮಾಡುವಾಗ ಏನೂ ಗೊತ್ತಾಗುವುದಿಲ್ಲ. ವಿಡಿಯೊ ರೆಂಡರ್ ಅಥವಾ ಕಂಪೈಲ್ ಶುರುವಾದರೆ ಪ್ಲಗ್ ಇದ್ದೂ ಬ್ಯಾಟರಿ ಇಳಿಯುತ್ತದೆ. ಅಂಥ ಕೆಲಸದ ದಿನ ನಾನು ಲ್ಯಾಪ್‌ಟಾಪಿನ ಸ್ವಂತ ಚಾರ್ಜರನ್ನೇ ಹಾಕುತ್ತೇನೆ. ಎರಡೂ ಚಾರ್ಜರಿನ ವ್ಯಾಟ್ ಕೂಡಿ ಬರುತ್ತದೆಂದು ನಂಬಬೇಡಿ; ಸಾಮಾನ್ಯವಾಗಿ ಲ್ಯಾಪ್‌ಟಾಪ್ ಒಂದನ್ನಷ್ಟೇ ಆರಿಸಿಕೊಳ್ಳುತ್ತದೆ. ಕೇಬಲ್ಲನ್ನೂ ನೋಡಿ. 3 ಆಂಪಿಯರ್ ಕೇಬಲ್ 20 ವೋಲ್ಟಿನಲ್ಲಿ 60 ವ್ಯಾಟಿಗೆ ನಿಲ್ಲುತ್ತದೆ, ಮಾನಿಟರ್ 90 ಕೊಡುವಂಥದ್ದಾದರೂ ಸರಿ. 90 ವ್ಯಾಟಿಗೆ ಇ-ಮಾರ್ಕರ್ ಚಿಪ್ (ಕೇಬಲ್ಲಿನ ಸಾಮರ್ಥ್ಯವನ್ನು ತಿಳಿಸುವ ಚಿಪ್) ಇರುವ 5 ಆಂಪಿಯರ್ ಕೇಬಲ್ಲೇ ಬೇಕು.

ಬೆಳಿಗ್ಗೆ ನೋಡಿದರೆ ಬ್ಯಾಟರಿ ಖಾಲಿಯಾಗಿದ್ದರೆ ಲ್ಯಾಪ್‌ಟಾಪನ್ನು ದೂರುವ ಮೊದಲು ಮಾನಿಟರಿನ ಮೆನು ತೆರೆಯಿರಿ. ಕೆಲವು ಮಾನಿಟರ್‌ಗಳು ಸ್ಲೀಪ್‌ಗೆ ಹೋದಾಗ ಯುಎಸ್‌ಬಿ-ಸಿ ಪವರನ್ನೂ ಕಡಿದುಬಿಡುತ್ತವೆ. ಸ್ಲೀಪ್‌ನಲ್ಲೂ ಚಾರ್ಜ್ ಮಾಡುವ ಆಯ್ಕೆಯನ್ನು ಆನ್ ಮಾಡಿದರೆ ಸಾಕು.

ಮುಚ್ಚಳ ಮುಚ್ಚಿ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಕೀಬೋರ್ಡಿನ ಮೂಲಕವೂ ಬಿಸಿ ಹೊರಹೋಗುವ ಮಾಡೆಲ್‌ಗಳಲ್ಲಿ ಅದು ಒಳಗೇ ಉಳಿಯುತ್ತದೆ. ತೆರೆದು ಸ್ಟ್ಯಾಂಡ್ ಮೇಲಿಡುತ್ತೇನೆ, ಲ್ಯಾಪ್‌ಟಾಪಿನ ಪರದೆಯನ್ನಷ್ಟೇ ಆಫ್ ಮಾಡುತ್ತೇನೆ. ಎಚ್‌ಡಿಎಂಐ ಪೋರ್ಟ್ ಪ್ರತ್ಯೇಕ ಗ್ರಾಫಿಕ್ಸ್ ಚಿಪ್‌ಗೆ ಜೋಡಣೆಯಾಗಿರುವ ಲ್ಯಾಪ್‌ಟಾಪ್‌ಗಳಲ್ಲಿ ಮಾನಿಟರನ್ನು ಆ ಪೋರ್ಟಿಗೆ ಹಾಕಿದರೆ ಆ ಚಿಪ್ ಮಲಗುವುದೇ ಇಲ್ಲ, ಬಿಸಿ ಇನ್ನೂ ಹೆಚ್ಚು.

ತಿಂಗಳಿಗೊಮ್ಮೆ ವಿಂಡೋಸಿನ ಬ್ಯಾಟರಿ ರಿಪೋರ್ಟ್ ತೆಗೆದು, ಮೂಲ ಸಾಮರ್ಥ್ಯದ ಪಕ್ಕದಲ್ಲಿ ಈಗಿನ ಪೂರ್ಣ ಚಾರ್ಜ್ ಸಾಮರ್ಥ್ಯವನ್ನು ಬರೆದಿಡುತ್ತೇನೆ. ಒಂದು ತಿಂಗಳ ಏರಿಳಿತಕ್ಕೆ ಬೆಲೆ ಕೊಡಬೇಡಿ, ಅಳತೆಯೇ ಅಲುಗಾಡುತ್ತಿರುತ್ತದೆ. ಹೊರಗೆ ಹೋಗುವುದಿದ್ದರೆ ಹಿಂದಿನ ರಾತ್ರಿ ಮಿತಿ ತೆಗೆದು 100 ತುಂಬಿಸಿಕೊಳ್ಳುತ್ತೇನೆ, ಮರಳಿ ಮಾನಿಟರ್‌ಗೆ ಜೋಡಿಸುವ ಮುನ್ನ ಮತ್ತೆ 80ಕ್ಕೆ ಇಡುತ್ತೇನೆ.