ಭುಜ ನೋವಿಗೆ ಎಣ್ಣೆ ಹಚ್ಚುವ ಮೊದಲು ಕೈಬೀಸು ನೋಡಿಕೊಳ್ಳಿ

ಚನ್ನಗಿರಿ ಕಡೆ ತೋಟದ ಬಾವಿಗಳಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಜು ಕಲಿತವರಿಗೆ ತಲೆ ಎತ್ತಿಕೊಂಡೇ ಕೈ ಬಡಿಯುವ ರೂಢಿ. ನಾಲ್ಕು ಮಾರಿನ ಬಾವಿಗೆ ಅದು ನಡೆಯುತ್ತದೆ. ದಾವಣಗೆರೆಗೆ ಬಂದು 25 ಮೀಟರ್ ಕೊಳದಲ್ಲಿ ಅದನ್ನೇ ಮುಂದುವರಿಸಿದರೆ ಭುಜ ತಡೆಯುವುದಿಲ್ಲ. ಒಂದೊಂದೇ ಕೈ ಬೀಸಿ ಈಜುವ ಫ್ರೀಸ್ಟೈಲಿನಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ 20 ಕೈಬೀಸು ಎಂದುಕೊಳ್ಳಿ. ಸಾವಿರ ಮೀಟರಿಗೆ 800 ಆಯಿತು, ಒಂದೊಂದು ಭುಜಕ್ಕೆ 400. ತಪ್ಪು ಸಣ್ಣದಾದರೂ ಅಷ್ಟೂ ಸಲ ತಿಕ್ಕುತ್ತದೆ.

ನಾನು ಮೊದಲು ತಿದ್ದಿಕೊಂಡದ್ದು ಕೈ ನೀರಿಗೆ ಇಳಿಯುವ ಜಾಗ. ಹೆಬ್ಬೆರಳು ಮೊದಲು ಇಳಿದರೆ ತೋಳಿನ ಮೂಳೆ ಒಳಕ್ಕೆ ತಿರುಗುತ್ತದೆ. ಆಗ ಆ ಮೂಳೆಯ ದುಂಡನೆಯ ತಲೆಗೂ ಭುಜದ ಮೇಲಿನ ಎಲುಬಿನ ಚಾವಣಿಗೂ ನಡುವೆ ಹಾಯುವ ರೊಟೇಟರ್ ಕಫ್‌ನ (ಭುಜದ ಕೀಲನ್ನು ಸುತ್ತ ಹಿಡಿದಿರುವ ಸ್ನಾಯುಗಳ ಗುಂಪು) ಸ್ನಾಯುರಜ್ಜು ಒತ್ತಿಕೊಂಡು, ಕೈ ಮೇಲೆತ್ತಿದಾಗ ಭುಜದ ಮುಂಭಾಗದಲ್ಲಿ ಚುಳುಕ್ ಎನ್ನುತ್ತದೆ. ಅಂಗೈ ನೆಲ ನೋಡುತ್ತಿರಲಿ, ಬೆರಳ ತುದಿಗಳು ಮೊದಲು ಇಳಿಯಲಿ, ಅದೂ ಭುಜದ ನೇರಕ್ಕೆ. ಮೂಗಿನ ಗೆರೆ ದಾಟಿ ಕೈ ಆಚೆ ಹೋಗಲೇಬಾರದು. ದಾಟುವ ಚಾಳಿ ಇದ್ದವರು ತಲೆಯ ನೇರ ಮುಂದೆ ಗಡಿಯಾರದ 12 ಇದೆಯೆಂದಿಟ್ಟುಕೊಂಡು, 11 ಮತ್ತು 1ರ ಕಡೆ ಕೈ ಹಾಕುತ್ತಿದ್ದೇನೆ ಎಂದುಕೊಂಡರೆ ಸರಿಯಾಗಿ ನೇರಕ್ಕೆ ಬೀಳುತ್ತದೆ. ಶುರುವಿನಲ್ಲಿ ವಿಪರೀತ ಅಗಲ ಅನಿಸುತ್ತದೆ. ಯಾರಿಂದಲಾದರೂ ಮೊಬೈಲಿನಲ್ಲಿ ಎದುರಿನಿಂದ ವಿಡಿಯೋ ಮಾಡಿಸಿ ನೋಡಿ.

ಎರಡನೆಯದು ಮೈ ಹೊರಳಿಸುವುದು. ಮೈ ಚಪ್ಪಟೆಯಾಗಿದ್ದರೆ ಕೈಯನ್ನು ಭುಜವೊಂದೇ ಎತ್ತಬೇಕು. ಸೊಂಟದ ಸಮೇತ ಮೈ ಓರೆಯಾದರೆ ಆ ಭಾರ ಬೆನ್ನಿಗೆ ಹಂಚಿಹೋಗುತ್ತದೆ. ಮೂರು ಕೈಗೊಮ್ಮೆ ಉಸಿರು ತೆಗೆದುಕೊಂಡರೆ ಎರಡೂ ಕಡೆ ಹೊರಳುವುದು ತಾನಾಗಿ ಬರುತ್ತದೆ. ಅಂಗೈಗೆ ಕಟ್ಟಿಕೊಳ್ಳುವ ಪ್ಯಾಡಲ್ ಪಕ್ಕಕ್ಕಿಡಿ. ಹಿಡಿದುಕೊಂಡು ಕಾಲು ಬಡಿಯುವ ತೇಲುಹಲಗೆ, ಕಿಕ್‌ಬೋರ್ಡ್ ಕೂಡ ಬೇಡ: ಕೈ ಚಾಚಿ ಅದರ ಮೇಲೆ ಭಾರ ಹಾಕಿದರೆ ನೋವಿರುವ ಜಾಗವೇ ಒತ್ತುತ್ತದೆ. ಅಂಗಾತ ಮಲಗಿ, ಕೈ ಪಕ್ಕಕ್ಕಿಟ್ಟು ಕಾಲು ಬಡಿಯಿರಿ.

ಮನೆಯಲ್ಲಿ ಮಾಡುವ ಕಸರತ್ತಿಗೆ ಪಂಚರ್ ಅಂಗಡಿಯ ಹಳೇ ಸೈಕಲ್ ಟ್ಯೂಬ್ ಸಾಕು. ಬಿರುಕಿಲ್ಲದ್ದನ್ನು ಆರಿಸಿ ಕತ್ತರಿಸಿ, ಕಿಟಕಿ ಸರಳಿಗೆ ಮೊಣಕೈ ಎತ್ತರದಲ್ಲಿ ಕಟ್ಟಿ. ಕಿಟಕಿಗೆ ಪಕ್ಕವಾಗಿ ನಿಂತು, ಆಚೆ ಬದಿಯ ಕೈಯಲ್ಲಿ ತುದಿ ಹಿಡಿಯಿರಿ. ಮೊಣಕೈ ಮಡಚಿ, ಅದಕ್ಕೂ ಪಕ್ಕೆಗೂ ನಡುವೆ ಮಡಿಸಿದ ಟವೆಲ್ ಇಟ್ಟುಕೊಂಡು ಮುಂಗೈಯನ್ನು ಹೊರಕ್ಕೆ ಎಳೆಯಿರಿ. ವಾಪಸು ಬರುವಾಗ ಮೂರು ಎಣಿಸುವಷ್ಟು ನಿಧಾನ. 15ರಂತೆ 3 ಸಲ, ವಾರಕ್ಕೆ 3 ದಿನ. ಟವೆಲ್ ಜಾರಿ ಬಿದ್ದರೆ ಕೆಲಸ ಬೇರೆ ಸ್ನಾಯುವಿಗೆ ಹೋಯಿತೆಂದೇ ಲೆಕ್ಕ. ಈಜುವ ಮುಂಚೆ ಇದನ್ನು ಸುಸ್ತಾಗುವವರೆಗೆ ಮಾಡಬೇಡಿ. ದಣಿದ ಸ್ನಾಯು ಮೂಳೆಯ ತಲೆಯನ್ನು ಕೀಲಿನಲ್ಲಿ ಸರಿಯಾಗಿ ಹಿಡಿದುಕೊಳ್ಳುವುದಿಲ್ಲ.

ಈಜಿ ಬಂದ ಮೇಲೆ ನೋವಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸು, 10ರಿಂದ 15 ನಿಮಿಷ. ಮಾತ್ರೆ ನುಂಗಿ ಕೊಳಕ್ಕೆ ಇಳಿಯುವುದನ್ನು ನಾನಂತೂ ಒಪ್ಪುವುದಿಲ್ಲ, ನೋವು ಕೊಡುವ ಎಚ್ಚರಿಕೆಯೇ ಮುಚ್ಚಿಹೋಗುತ್ತದೆ. ಆ ಮಗ್ಗುಲಿಗೆ ಮಲಗಲು ಆಗದೆ ರಾತ್ರಿ ಎಚ್ಚರವಾದರೆ, ಬೆರಳು ಜೋಮು ಹಿಡಿದರೆ, ತಲೆ ಬಾಚಲು ಕೈ ಏಳದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ.

  

ನೋವು ತಗ್ಗಿದ ಮೇಲೆ 300 ಮೀಟರಿನಿಂದ ಶುರುಮಾಡಿ, ವಾರಕ್ಕೆ 50 ಮೀಟರ್ ಏರಿಸಿ. ಮಾರನೇ ಬೆಳಿಗ್ಗೆ ಅಂಗಿ ತೊಡುವಾಗ ಭುಜ ಹಿಡಿದರೆ ಹಿಂದಿನ ವಾರದ ಲೆಕ್ಕಕ್ಕೇ ಇಳಿಯಿರಿ.