ಪಕ್ಕದ ಮನೆಯ ಸದ್ದನ್ನು ತಡೆಯುವ ಬಗೆ

ಮಡಿಕೇರಿಯಂಥ ಊರಿನಲ್ಲಿ ಪಕ್ಕದ ಹೋಂಸ್ಟೇಯ ಹಾಡು-ಕುಣಿತ ನಿಮ್ಮ ಮಲಗುವ ಕೋಣೆಯವರೆಗೂ ಕೇಳಿಸುತ್ತಿದ್ದರೆ, ಗೋಡೆಗೆ ಕೈಹಾಕುವ ಮೊದಲು ಸಂದುಗಳನ್ನು ಹುಡುಕಬೇಕು. ಗಾಳಿ ನುಸುಳುವಲ್ಲೆಲ್ಲ ಸದ್ದೂ ನುಸುಳುತ್ತದೆ. ರಾತ್ರಿ ಕೋಣೆಯ ದೀಪ ಆರಿಸಿ, ಹೊರಗಿನಿಂದ ಒಬ್ಬರು ಟಾರ್ಚ್ ಹಿಡಿದರೆ, ಬಾಗಿಲಿನ ಅಡಿಯಲ್ಲೂ ಕಿಟಕಿಯ ಅಂಚಿನಲ್ಲೂ ಬೆಳಕಿನ ಗೆರೆಗಳು ಕಾಣುತ್ತವೆ. ಅಲ್ಲಿ ರಬ್ಬರ್ ಪಟ್ಟಿ ಅಂಟಿಸಿ, ಚೌಕಟ್ಟಿನ ಸುತ್ತಲಿನ ಬಿರುಕಿಗೆ ಸೀಲೆಂಟ್ ತುಂಬಿರಿ.

ಹಳೆಯ ಹೆಂಚಿನ ಮನೆಗಳಲ್ಲಿ ಗೋಡೆಯ ತಲೆಗೂ ಹೆಂಚಿಗೂ ನಡುವಿನ ತೆರಪೇ ಸದ್ದಿನ ಹೆದ್ದಾರಿ. ಅದನ್ನು ಹಾಗೆಯೇ ಬಿಟ್ಟು ಗೋಡೆಗೆ ಎಷ್ಟು ಹಣ ಸುರಿದರೂ ದಂಡ. ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗ್ ಹಾಕಿಸಿ, ಅದರ ಮೇಲೆ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಹಾಸಿಸುವುದು ಒಳ್ಳೆಯದು. ಆದರೆ ಸೋರುವ ಹೆಂಚನ್ನು ಮುಂಗಾರಿಗೆ ಮೊದಲೇ ಬದಲಿಸಬೇಕು, ನೆನೆದ ಜಿಪ್ಸಮ್ ಬೂಸ್ಟು ಹಿಡಿಯುತ್ತದೆ. ಥರ್ಮಾಕೋಲ್, ಮೊಟ್ಟೆಯ ಟ್ರೇಗಳಿಗೆ ಹಣ ಕಳೆಯಬೇಡಿ. ಹೊರಗಿನ ಸದ್ದನ್ನು ತಡೆಯುವುದು ತೂಕವೇ ಹೊರತು ಹಗುರವಾದ ಹೊದಿಕೆಯಲ್ಲ.

ಸಂದುಗಳನ್ನೆಲ್ಲ ಮುಚ್ಚಿದ ಕೋಣೆಯಲ್ಲಿ ಚಳಿಗೆಂದು ಕೆಂಡದ ಅಗ್ಗಿಷ್ಟಿಕೆ ಇಡಲೇಬಾರದು, ವಿಷಾನಿಲ ತುಂಬಿಕೊಳ್ಳುತ್ತದೆ.

ಇಷ್ಟಾದರೂ ಧ್ವನಿವರ್ಧಕದ ಗುದ್ದು ನಿಲ್ಲದಿದ್ದರೆ, ಮೊದಲು ನೆರೆಯವರೊಡನೆ ಮಾತಾಡಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡೆಸಿಬೆಲ್. ಮೀರಿದರೆ 112ಕ್ಕೆ ಕರೆಮಾಡಿ ದೂರು ನೀಡಬಹುದು.