ಹುಬ್ಬಳ್ಳಿಯಲ್ಲೇ ಅಕ್ವಾಪೊರಿನ್ ಟೆಸ್ಟ್: ನನ್ನ ಅನುಭವ

ನ್ಯೂರೊಮಯಲೈಟಿಸ್ ಆಪ್ಟಿಕಾ (ಎನ್‌ಎಂಒ) ಅಂದರೆ ಕಣ್ಣಿನ ನರಕ್ಕೂ ಬೆನ್ನುಹುರಿಗೂ ಹೊಡೆಯೋ ಕಾಯಿಲೆ, ಬಹುಪಾಲು ರೋಗಿಗಳ ರಕ್ತದಲ್ಲಿ ಅಕ್ವಾಪೊರಿನ್-4 ಪ್ರೋಟೀನ್ ವಿರುದ್ಧದ ಆ್ಯಂಟಿಬಾಡಿ ಇರುತ್ತೆ. ಆ ಪ್ರೋಟೀನ್ ಹೊತ್ತ ಸೆಲ್‌ಗಳ ಮೇಲೆ ರೋಗಿಯ ಸೀರಮ್ (ರಕ್ತದ ತಿಳಿ) ಹಾಕಿ ಅದನ್ನು ಹುಡುಕೋ ಸೆಲ್ ಬೇಸ್ಡ್ ಅಸ್ಸೇ ನಾವೇ ಮಾಡೋಣ ಅಂದಾಗ ಸಹೋದ್ಯೋಗಿಗಳು ನಕ್ಕಿದ್ದರು. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಅವರ ತಂಡ ಸ್ವಂತ ಲ್ಯಾಬಿನಲ್ಲೇ ಇದನ್ನು ಮಾಡಿ ತೋರಿಸಿತ್ತು, ಡಿಮೈಲಿನೇಟಿಂಗ್ (ನರದ ಹೊದಿಕೆ ಹಾಳಾಗೋ) ಕಾಯಿಲೆಗಳ ರಿಜಿಸ್ಟ್ರಿಯನ್ನೂ ಕಟ್ಟಿತ್ತು. ಅದನ್ನು ಎತ್ತಿದರೆ ‘ಅದು ಮಂಗಳೂರು, ಇದು ಹುಬ್ಬಳ್ಳಿ’ ಅನ್ನೋ ಉತ್ತರ ರೆಡಿ ಇರುತ್ತಿತ್ತು. ಈಗ ಸುತ್ತಲಿನ ಐದಾರು ಜಿಲ್ಲೆಗಳ ಸೀರಮ್ ನಮ್ಮಲ್ಲಿಗೇ ಬರುತ್ತೆ. ಅಂದು ನಕ್ಕವರೂ ಕಳಿಸ್ತಾರೆ.

ಯಾಕೆ ಹಟ ಹಿಡಿದೆ ಅಂದರೆ, 2004ರಲ್ಲಿ ಮೇಯೊ ಕ್ಲಿನಿಕ್‌ನವರು ಎನ್‌ಎಂಒ ಆ್ಯಂಟಿಬಾಡಿ ಕಂಡುಹಿಡಿದು ವರ್ಷಗಳಾದರೂ ನಮ್ಮ ಓಪಿಡಿಗೆ ರೋಗಿಗಳು ‘ಆಪ್ಟಿಕೋಸ್ಪೈನಲ್ ಎಂಎಸ್’ (ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಒಂದು ಬಗೆ) ಅನ್ನೋ ಚೀಟಿ ಹಿಡಿದು ಬರೋದು ನಿಂತಿರಲಿಲ್ಲ. ಹೊಲ ಅಡವಿಟ್ಟು ಎಂಎಸ್‌ಗೆ ಕೊಡೋ ಇಂಟರ್‌ಫೆರಾನ್ ಹಾಕಿಸಿಕೊಂಡವರು ಅವರಲ್ಲಿ ಇರುತ್ತಿದ್ದರು. ಎನ್‌ಎಂಒಗೆ ಇಂಟರ್‌ಫೆರಾನ್ ಅಂದರೆ ಉರಿಯೋ ಬೆಂಕಿಗೆ ತುಪ್ಪ. ಹೊರಗೆ ಕಳಿಸಿದ ಟೆಸ್ಟ್ ಕೆಲವೊಮ್ಮೆ ಎಲೈಸಾ (ಸೆಲ್ ಇಲ್ಲದೆ ಪ್ಲೇಟಿನಲ್ಲಿ ಮಾಡೋ ಟೆಸ್ಟ್) ಆಗಿರುತ್ತಿತ್ತು, ಅದರ ಬಾರ್ಡರ್‌ಲೈನ್ ಪಾಸಿಟಿವ್ ನಂಬಿದರೆ ಕೆಟ್ಟೆವು.

ದುಡ್ಡಿನ ವಿಷಯ. ಎರಡು ಕಡೆ ಗ್ರ್ಯಾಂಟ್ ಕೇಳಿದೆ. ‘ಇದರಲ್ಲಿ ಹೊಸದೇನಿದೆ’ ಅಂತ ವಾಪಸ್ ಬಂತು. ಮುಚ್ಚಿಹೋದ ಒಂದು ಲ್ಯಾಬಿನಿಂದ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಸೆಕೆಂಡ್‌ಹ್ಯಾಂಡ್ ತಂದೆ, ನಾಲ್ಕೂವರೆ ಲಕ್ಷ ಇರಬೇಕು. ಸಿಒಟು ಇನ್‌ಕ್ಯುಬೇಟರ್ ಸುಮಾರು ಮೂರು ಲಕ್ಷ. ಸಂಜೆ ಪ್ರಾಕ್ಟೀಸಿನ ದುಡ್ಡೆಲ್ಲ ಸೆಲ್ ಬೆಳೆಸೋಕೆ ಬೇಕಾದ ಫೀಟಲ್ ಬೋವೈನ್ ಸೀರಮ್ ಬಾಟಲಿಗೇ ಹೋಗುತ್ತಿತ್ತು. ಮನೆಯಲ್ಲಿ ಆ ಬಾಟಲಿಯ ರೇಟು ಇವತ್ತಿಗೂ ಗೊತ್ತಿಲ್ಲ.

ಮೊದಲ ವರ್ಷ ಹೇಳಿಕೊಳ್ಳೋ ಹಾಗಿಲ್ಲ. ಏಪ್ರಿಲ್‌ನಲ್ಲಿ ಕರೆಂಟ್ ಹೋಗಿ, ಯುಪಿಎಸ್ ಕೈಕೊಟ್ಟು, ನಾವು ಬೆಳೆಸುತ್ತಿದ್ದ ಎಚ್‌ಇಕೆ-293 ಸೆಲ್‌ಗಳು ಪೂರ್ತಿ ಸತ್ತವು. ಆಮೇಲೆ ಟ್ರಾನ್ಸ್‌ಫೆಕ್ಷನ್ (ಸೆಲ್ ಒಳಗೆ ಜೀನ್ ಸೇರಿಸೋದು) ದಿನೇ ದಿನೇ ಇಳಿಯಿತು. ಅದಕ್ಕೆ ಬಳಸೋ ಲಿಪೊಫೆಕ್ಟಮೈನ್ ಹಳೆಯದಾಯಿತೇನೋ ಅಂತ ಹೊಸದು ತರಿಸಿದ್ದಾಯಿತು, ಏನೂ ಬದಲಾಗಲಿಲ್ಲ. ಕೊನೆಗೆ ಡ್ಯಾಪಿ (ಡಿಎನ್‌ಎ ಹೊಳೆಯಿಸೋ ಬಣ್ಣ) ಹಾಕಿ ನೋಡಿದರೆ ನ್ಯೂಕ್ಲಿಯಸ್ ಹೊರಗೆಲ್ಲ ಚುಕ್ಕಿ ಚುಕ್ಕಿ: ಮೈಕೊಪ್ಲಾಸ್ಮಾ ಬ್ಯಾಕ್ಟೀರಿಯಾ! ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಸೆಲ್‌ಗಳು ಆರಾಮಾಗಿ ಕಾಣುತ್ತಿದ್ದವು, ಅದೇ ಮೋಸ. ಎಲ್ಲ ಆಟೋಕ್ಲೇವ್ ಮಾಡಿ ಎಸೆದು ಹೊಸ ವಯಲ್‌ನಿಂದ ಶುರು ಮಾಡಿದೆವು.

ಸೆಲ್ ಒಳಗೆ ಅಕ್ವಾಪೊರಿನ್ ಜೀನ್ ಒಯ್ಯೋ ಡಿಎನ್‌ಎ ಉಂಗುರ, ಅಂದರೆ ಪ್ಲಾಸ್ಮಿಡ್ ಕಥೆ ಬೇರೆ. ಪುಕ್ಕಟೆ ಸಿಕ್ಕಿತು ಅಂತ ಅಕ್ವಾಪೊರಿನ್‌ನ ಎಂ1 ಐಸೊಫಾರ್ಮ್ (ರೂಪ) ನಿಂದ ಶುರು ಮಾಡಿದ್ದೆವು. ಲೋ ಟೈಟರ್ (ಆ್ಯಂಟಿಬಾಡಿ ಕಡಿಮೆ ಇರೋ) ಸೀರಮ್‌ಗಳು ಜಾರಿಹೋಗುತ್ತಿದ್ದವು. ಎಂ23 ರೂಪಕ್ಕೆ ಬಂದ ಮೇಲೆ ಚಿತ್ರವೇ ಬದಲಾಯಿತು. ಜಿಎಫ್‌ಪಿ ಟ್ಯಾಗ್ (ಹಸಿರು ಹೊಳೆಯೋ ಪ್ರೋಟೀನ್) ಅಕ್ವಾಪೊರಿನ್‌ನ ಸಿ ತುದಿಯಲ್ಲಿರಲಿ, ಎನ್ ತುದಿಗೆ ಹಾಕಿದರೆ ಅದು ಗುಂಪುಗೂಡಿ ಅರೇ ಕಟ್ಟೋದಿಲ್ಲ. ತೊಳೆಯುವಾಗ ಸೆಲ್ ಎದ್ದು ಬರದ ಹಾಗೆ ತಡೆಯೋಕೆ ಪಾಲಿ-ಲೈಸೀನ್ (ಗಾಜಿಗೆ ಬಳಿಯೋ ಅಂಟು) ಸಾಕು ಅಂತ ಎಲ್ಲರಿಗೂ ಗೊತ್ತು, ಅದು ಅರ್ಧ ಸತ್ಯ. ಉಳಿದರ್ಧವನ್ನೂ, ಸುಳ್ಳು ಅಂಟಿಕೆ ತಡೆಯೋ ಬ್ಲಾಕಿಂಗ್‌ನಲ್ಲಿ ನಾನು ಬೆರೆಸೋದನ್ನೂ ಇಲ್ಲಿ ಬರೆಯಲ್ಲ. ಲ್ಯಾಬಿಗೆ ಬನ್ನಿ, ಚಹಾ ಕುಡಿಯುತ್ತಾ ಮಾತಾಡೋಣ.

ಎನ್‌ಎಂಒ ಹೋಲೋ ಇನ್ನೊಂದು ಕಾಯಿಲೆಯ ಮಾಗ್ ಆ್ಯಂಟಿಬಾಡಿ ಹುಡುಕೋಕೂ ಅದೇ ಸೆಕೆಂಡರಿ (ಅಂಟಿದ ಆ್ಯಂಟಿಬಾಡಿಯನ್ನು ಹೊಳೆಯಿಸಿ ತೋರಿಸೋದು) ಬಳಸಿದರೆ ಐಜಿಎಂ ಅನ್ನೋ ಬೇರೆ ಬಗೆಯ ಆ್ಯಂಟಿಬಾಡಿ ನುಗ್ಗಿ ಅರ್ಧ ಊರೇ ಪಾಸಿಟಿವ್ ಆಗುತ್ತೆ. ಐಜಿಜಿ1 ಬಗೆಯನ್ನಷ್ಟೇ ಹಿಡಿಯೋ ಸೆಕೆಂಡರಿ ತುಟ್ಟಿ, ಆದರೂ ಅದೇ ಬೇಕು. ಹಾಗಿದ್ದೂ ಖಾಸಾ ಎಂಎಸ್‌ನವರಲ್ಲಿ ಆಗಾಗ ಮಂದವಾಗಿ ಹೊಳೆಯೋದುಂಟು. ಅಂಥವನ್ನು ಎಂಆರ್‌ಐ ನೋಡದೆ ಬಿಡುಗಡೆ ಮಾಡಲ್ಲ.

ನಡುವೆ ಒಂದು ಹುಚ್ಚು ಹತ್ತಿತು. ನವಜಾತ ಶಿಶುಗಳಿಗೆ ಮಾಡೋ ಹಾಗೆ ಫಿಲ್ಟರ್ ಪೇಪರ್ ಮೇಲೆ ಒಂದು ಹನಿ ರಕ್ತ ಒಣಗಿಸಿ, ಪೋಸ್ಟ್ ಕವರಿನಲ್ಲಿ ತರಿಸಿಕೊಂಡರೆ ಹೇಗೆ? ಜೋರು ಪಾಸಿಟಿವ್‌ಗಳು ಚೆನ್ನಾಗಿಯೇ ಬಂದವು, ದುರ್ಬಲವಾದವು ಮಾಯ. ಸದ್ಯ ಬಿಟ್ಟಿದ್ದೇನೆ, ತಲೆಯಿಂದ ಹೋಗಿಲ್ಲ.

ರಿಪೋರ್ಟ್ ಕೈಗೆ ಬಂದ ಮೇಲಿನ ಖರ್ಚೇ ದೊಡ್ಡದು. ತುಂಬಾ ದುಬಾರಿ ಔಷಧಿಯಾದ ಎಕುಲಿಜುಮ್ಯಾಬ್ ಮಾತು ನಮ್ಮ ರೋಗಿಗಳ ಮುಂದೆ ಆಡೋ ಹಾಗಿಲ್ಲ. ಅಜಥಯೊಪ್ರಿನ್ ಅಗ್ಗ, ಕೆಲವರಿಗೆ ಅದೇ ಸಾಕು. ಉಳಿದವರಿಗೆ ಬಿ ಸೆಲ್‌ಗಳನ್ನು ಇಳಿಸೋ ರಿಟುಕ್ಸಿಮ್ಯಾಬ್‌ನ ಬಯೊಸಿಮಿಲರ್ (ಮೂಲ ಔಷಧಿಯನ್ನೇ ಹೋಲೋ ಬೇರೆ ಕಂಪನಿಯದು). ಒಂದು ಗ್ರಾಂ ಎರಡು ಸಲ ಅನ್ನೋ ಪದ್ಧತಿ ಬಿಟ್ಟು 500 ಮಿಲಿಗ್ರಾಂ ಕೊಟ್ಟು, ರಕ್ತದಲ್ಲಿ ಸಿಡಿ27 ಗುರುತಿನ ಮೆಮರಿ ಬಿ ಸೆಲ್ ಮತ್ತೆ ಏರಿತೇ ಅಂತ ನೋಡಿಕೊಂಡು ಮುಂದಿನ ಡೋಸ್ ಹಾಕ್ತೀವಿ. ಕೊರಿಯಾದವರು ತೋರಿಸಿದ ದಾರಿ ಇದು. ‘ಅಂಡರ್‌ಡೋಸ್ ಮಾಡ್ತಿದ್ದೀರಿ’ ಅಂತ ಒಂದು ಸಭೆಯಲ್ಲಿ ಹಿರಿಯರೊಬ್ಬರು ಜೋರಾಗಿಯೇ ಹೇಳಿದ್ದರು. ನಮ್ಮಲ್ಲಿ ವರ್ಷದ ಔಷಧಿ ಖರ್ಚು ಅರ್ಧಕ್ಕಿಂತ ಕೆಳಗಿಳಿದಿದೆ, ರಿಲ್ಯಾಪ್ಸ್ ಆದವರು ಬೆರಳೆಣಿಕೆ. ಮೊದಲ ಡೋಸ್ ಆದ ಕೆಲವು ವಾರ ಪ್ರೆಡ್ನಿಸೊಲೊನ್ ಇಳಿಸಬೇಡಿ, ಆಗಲೇ ಅಟ್ಯಾಕ್ ಬರೋದು. ಹೆಪಟೈಟಿಸ್ ಬಿ ಕೋರ್ ಆ್ಯಂಟಿಬಾಡಿ ನೋಡದೆ ಅಂತೂ ಶುರುವೇ ಮಾಡಬೇಡಿ.

ನಂಬದವರಿಗಾಗಿ ಕೋಡ್ ಹಾಕಿದ ಹಳೆ ಸೀರಮ್‌ಗಳನ್ನು ಹೊರಗಿನ ಲ್ಯಾಬಿಗೂ ಕಳಿಸಿದೆವು. ಎರಡು ಮಂದ ಸ್ಯಾಂಪಲ್ ಬಿಟ್ಟರೆ ಎಲ್ಲ ಹೊಂದಿಕೆಯಾದವು. ಆ ಎರಡರಲ್ಲೂ ನಮ್ಮ ಓದೇ ಸರಿ ಅಂತ ನನ್ನ ಲೆಕ್ಕ, ಇಬ್ಬರಿಗೂ ಮುಂದೆ ಉದ್ದನೆಯ ಮಯಲೈಟಿಸ್ (ಬೆನ್ನುಹುರಿಯ ಉರಿಯೂತ) ಬಂತು. ಟೆಕ್ನಿಷಿಯನ್ ಸಂಬಳ ಬಿಟ್ಟರೆ ಒಂದು ಟೆಸ್ಟಿಗೆ ಸುಮಾರು ಒಂಬೈನೂರು ರೂಪಾಯಿ ಬೀಳುತ್ತೆ.

ಕಳಿಸೋರು ಪ್ಲಾಸ್ಮಾ ಎಕ್ಸ್‌ಚೇಂಜ್‌ಗೆ (ರಕ್ತದ ಪ್ಲಾಸ್ಮಾ ಬದಲಿಸೋ ಚಿಕಿತ್ಸೆ) ಮುಂಚೆಯೇ ರಕ್ತ ತೆಗೀರಿ. ಸಿಎಸ್‌ಎಫ್ (ಬೆನ್ನುಹುರಿಯ ನೀರು) ಬೇಡ, ಸೀರಮ್ ಸಾಕು. ಶನಿವಾರ ಮಾತ್ರ ಕಳಿಸಬೇಡಿ, ಭಾನುವಾರ ಪೂರ್ತಿ ಡಬ್ಬ ಗೋದಾಮಿನ ಬಿಸಿಯಲ್ಲಿ ಕೂತಿರುತ್ತೆ.